ಮೀಟರಿನ ಮೇಲಿನ ಹಳೇ ಬಾಕಿ

ಲೆಸ್ಟರ್, 13 ಸೆಪ್ಟೆಂಬರ್ 2025, ಶನಿವಾರ

ಹೊಸ ಮನೆಯ ಕರಾರಿಗೆ ಸಹಿ ಆಯಿತು. ಏಜೆಂಟ್ ಬರುವ ವಾರವೇ ಬೀಗದ ಕೈ ಕೊಡಲು ತಯಾರಿದ್ದ. ಸಾಗರದಿಂದ ಅಮ್ಮ ಫೋನಿನಲ್ಲೇ ತಡೆದಳು: "ಪಕ್ಷಮಾಸದಲ್ಲಿ ಬೇಡ ಮಾರಾಯ್ತಿ, ನವರಾತ್ರಿ ಶುರುವಾಗಲಿ." ಹಾಗಾಗಿ 27ಕ್ಕೆ ಗೊತ್ತು ಮಾಡಿದೆವು.

ಈಗಿರುವ ಫ್ಲ್ಯಾಟಿನ ಕರೆಂಟು ಕಂಪನಿಗೆ ಖಾಲಿ ಮಾಡುವ ತಾರೀಕು ತಿಳಿಸಿದೆ. ಕಡೇಪಕ್ಷ 48 ಗಂಟೆ ಮೊದಲಾದರೂ ಹೇಳಬೇಕು. ಇಲ್ಲದಿದ್ದರೆ ನಮ್ಮ ನಂತರ ಬಂದವರು ಉರಿಸಿದ್ದೂ ನಮ್ಮ ಲೆಕ್ಕಕ್ಕೆ ಬಿದ್ದೀತು.

ತಮ್ಮ ಮೊನ್ನೆ ಬೆಂಗಳೂರಿನ ವಿಜಯನಗರದಿಂದ ಮೈಸೂರಿಗೆ ಮನೆ ಬದಲಿಸಿದ. ಬೆಸ್ಕಾಂ ಹೋಗಿ ಚೆಸ್ಕಾಂ ಬಂತು. ಯಾವ ಕಂಪನಿ ಬೇಕೆಂದು ಅವನನ್ನು ಯಾರೂ ಕೇಳಲಿಲ್ಲ. ಅಲ್ಲಿ ಅದನ್ನು ತೀರ್ಮಾನಿಸುವುದು ಊರು. ಆರ್.ಆರ್. ನಂಬರು ಮನೆಯದು, ಹೆಸರು ಓನರ್‌ದು, ಬಾಡಿಗೆಯವರು ಬಿಲ್ಲು ಕಟ್ಟಿಕೊಂಡು ಹೋದರೆ ಆಯಿತು. ಗೃಹಜ್ಯೋತಿ ಬಂದ ಮೇಲೆ ಹಳೇ ಮನೆಯ ನಂಬರಿನಿಂದ ಆಧಾರ್ ಡಿ-ಲಿಂಕ್ ಮಾಡಿ ಹೊಸದಕ್ಕೆ ಜೋಡಿಸುವ ಕೆಲಸವೊಂದು ಹೆಚ್ಚಾಗಿದೆ, ಅಷ್ಟೆ.

ಇಲ್ಲಿ ತಂತಿ ಒಬ್ಬರದು, ಮಾರುವವರು ಹಲವರು. ಈ ಭಾಗದಲ್ಲಿ ಕರೆಂಟಿನ ತಂತಿ ನ್ಯಾಷನಲ್ ಗ್ರಿಡ್‌ದು, ಗ್ಯಾಸಿನ ಪೈಪು ಕೇಡೆಂಟ್‌ನದು. ಅವೆರಡನ್ನೂ ನಾವು ಬದಲಿಸಲಾರೆವು. ಬದಲಾಗುವುದು ಸಗಟಿನಲ್ಲಿ ಕೊಂಡು ನಮಗೆ ಬಿಲ್ಲು ಹಾಕುವವರು ಮಾತ್ರ. 1999ರ ಹೊತ್ತಿಗೆ ಬ್ರಿಟನ್ನಿನ ಎಲ್ಲ ಮನೆಗಳಿಗೂ ಈ ಆಯ್ಕೆ ಬಂದಾಗಿತ್ತು.

20 ಸೆಪ್ಟೆಂಬರ್

ಹೋಗುವ ಮೊದಲೇ ನಮಗೆ ಬೇಕಾದ ಕಂಪನಿಯನ್ನು ಹೊಸ ಮನೆಗೆ ಹಾಕಿಸಿಬಿಡೋಣ ಅಂತ ಇವರು. ಅದು ಆಗದ ಮಾತು. ಮನೆ ನಮ್ಮ ವಶಕ್ಕೆ ಬಂದ ದಿನದಿಂದ, ಅಲ್ಲಿಗೆ ಆಗಲೇ ಪೂರೈಸುತ್ತಿರುವ ಕಂಪನಿಯ ಗಿರಾಕಿಗಳು ನಾವು. ಎಲ್ಲೂ ಸಹಿ ಹಾಕಿರಬೇಕಿಲ್ಲ. ಡೀಮ್ಡ್ ಕಾಂಟ್ರ್ಯಾಕ್ಟ್ ಅನ್ನುತ್ತಾರೆ. ದರ ಸಾಮಾನ್ಯವಾಗಿ ಅವರ ಮಾಮೂಲಿ ಏರಿಳಿಯುವ ದರ. ಬಿಟ್ಟು ಹೋಗುವುದಕ್ಕೆ ದಂಡವಿಲ್ಲ, ಅದೊಂದು ಸಮಾಧಾನ.

ಆದರೂ ಇದು ನನಗೆ ಸರಿ ಕಾಣುವುದಿಲ್ಲ. ಆಯ್ಕೆ ಅನ್ನುವುದು ಕೂತು ಲೆಕ್ಕ ಹಾಕಲು ಪುರುಸೊತ್ತು ಇರುವವರ ಸೊತ್ತು. ಮನೆ ಸಾಗಿಸುವ ವಾರ ಆ ಪುರುಸೊತ್ತು ಯಾರಿಗಿದೆ? ಡಬ್ಬ ಕಟ್ಟುವುದು, ರಜೆ ಹೊಂದಿಸುವುದು, ಮಗನ ಶಾಲೆಗೆ ವಿಳಾಸ ಕೊಡುವುದು. ಇದರ ನಡುವೆ ಸುಮ್ಮನಿದ್ದುಬಿಟ್ಟರೆ ಅದೇ ಕರಾರು ವರ್ಷಗಟ್ಟಲೆ ಮುಂದುವರಿಯುತ್ತದೆ.

ಪೋಸ್ಟ್‌ಕೋಡ್ ಕೊಟ್ಟು ಹುಡುಕಿದೆ. ಕರೆಂಟು ಮೀಟರಿಗೆ 13 ಅಂಕಿಯ ಎಂಪ್ಯಾನ್, ಗ್ಯಾಸಿಗೆ ಬೇರೆಯದೇ ನಂಬರು. ಎರಡೂ ಬೇರೆ ಬೇರೆ ಕಂಪನಿ. ಗ್ಯಾಸು ಪ್ರೀಪೇಮೆಂಟ್ ಮೀಟರು, ಅಂದರೆ ಮೊದಲು ಕಾರ್ಡಿಗೆ ದುಡ್ಡು, ಆಮೇಲೆ ಬೆಂಕಿ. ಇದನ್ನು ಏಜೆಂಟ್ ಹೇಳಿಯೇ ಇರಲಿಲ್ಲ.

27 ಸೆಪ್ಟೆಂಬರ್, ರಾತ್ರಿ

ಬೆನ್ನು ಮುರಿದಿದೆ. ಆದರೂ ಇವತ್ತಿನದನ್ನು ಇವತ್ತೇ ಬರೆದಿಡಬೇಕು.

ಫ್ಲ್ಯಾಟಿನಲ್ಲಿ ಗ್ಯಾಸೇ ಇರಲಿಲ್ಲ. ರಾತ್ರಿ ಏಳು ಗಂಟೆ ಕಾಲ ಅಗ್ಗದ ಕರೆಂಟು. ಆ ಹೊತ್ತಿನಲ್ಲಿ ಹೀಟರಿನೊಳಗಿನ ಇಟ್ಟಿಗೆ ಕಾದು ಹಗಲಿಡೀ ಶಾಖ ಬಿಡುತ್ತಿತ್ತು. ಎಕಾನಮಿ 7. ಹಾಗಾಗಿ ಮೀಟರಿನಲ್ಲಿ ಎರಡು ರೀಡಿಂಗು, ಹಗಲಿನದೊಂದು, ರಾತ್ರಿಯದೊಂದು. ಎರಡರ ಫೋಟೋ ತೆಗೆದೆ, ಮೀಟರಿನ ಸೀರಿಯಲ್ ನಂಬರು ಅದರಲ್ಲೇ ಬರುವ ಹಾಗೆ. ಬಳಕೆ ತೋರಿಸುವ ಪುಟ್ಟ ಸ್ಕ್ರೀನನ್ನು ಮಗ ಚೀಲಕ್ಕೆ ಹಾಕಿದ್ದ, ತೆಗೆಸಿ ಅಲ್ಲೇ ಇಡಿಸಿದೆ. ಅದು ಆ ಮೀಟರಿನ ಜೊತೆಯದು.

ಹೊಸ ಮನೆಯ ಗ್ಯಾಸ್ ಮೀಟರು ಮುಂಬಾಗಿಲ ಪಕ್ಕ, ಗೋಡೆಗೆ ಕೂರಿಸಿದ ಬಿಳಿ ಪೆಟ್ಟಿಗೆಯಲ್ಲಿ. ಮುಕ್ಕೋನದ ಪ್ಲಾಸ್ಟಿಕ್ ಕೀಲಿ ತಿರುಗಿಸಿದರೆ ಬಾಗಿಲು ತೆರೆಯುತ್ತದೆ. ಮೀಟರಿನ ಬಟನ್ ಒತ್ತಿದ ಹಾಗೆಲ್ಲ ಒಂದೊಂದೇ ಅಂಕಿ ಬಂತು. ಜಮೆ, ಸೊನ್ನೆ. ತುರ್ತು ಜಮೆ, ಅದೂ ಮುಗಿದಿತ್ತು. ಮತ್ತೆ ಒತ್ತಿದರೆ ಬಾಕಿ, 86 ಪೌಂಡ್ 40 ಪೆನ್ಸ್. ಇನ್ನೊಮ್ಮೆ ಒತ್ತಿದರೆ ವಾರದ ಕಂತು. ಗ್ಯಾಸು ಬಂದ್ ಆಗಿತ್ತು.

ಅಡುಗೆಮನೆಯ ಡ್ರಾಯರಿನಲ್ಲಿ ಹಳಬರ ಕಾರ್ಡಿತ್ತು. ಇವರು ಅದನ್ನೇ ಹಿಡಿದು ಮೂಲೆ ಅಂಗಡಿಗೆ ಹೊರಟಿದ್ದರು. ಪಕ್ಕದ ಮನೆಯ ಗುಜರಾತಿ ಅಜ್ಜಿ ಗೇಟಿನ ಹತ್ತಿರವೇ ನಿಲ್ಲಿಸಿದರು. 1972ರಲ್ಲಿ ಉಗಾಂಡದಿಂದ ಉಟ್ಟ ಬಟ್ಟೆಯಲ್ಲಿ ಈ ಊರಿಗೆ ಬಂದವರಂತೆ. "ಬೇಟಾ, ಆ ಕಾರ್ಡು ಹಾಕಬೇಡ. ಹಾಕಿದರೆ ಅವಳ ಸಾಲ ನೀನು ಕಟ್ಟುತ್ತೀಯ." ಹಿಂದೆ ಇದ್ದವಳು ಎಳೇ ಮಕ್ಕಳ ತಾಯಿ, ಐದೈದು ಪೌಂಡಿನ ಹಾಗೆ ಗ್ಯಾಸು ಹಾಕಿಸುತ್ತಿದ್ದಳು ಅಂದರು.

ಕಂಪನಿಯ ಫೋನು ಸೋಮವಾರಕ್ಕೇ. ಹಾಲು ಉಕ್ಕಿಸಿದ್ದು ಇಂಡಕ್ಷನ್ ಒಲೆಯ ಮೇಲೆ. ವಿಡಿಯೋದಲ್ಲಿ ನೋಡುತ್ತಿದ್ದ ಅಮ್ಮ, "ಉಕ್ಕಿತಲ್ಲ, ಪೂರ್ವಕ್ಕೇ ಉಕ್ಕಿತು, ಸಾಕು" ಅಂದಳು. ಸ್ನಾನಕ್ಕೆ ಬಿಸಿನೀರಿಲ್ಲ. ಅಜ್ಜಿ ಎರಡು ಬಕೆಟ್ ಕೊಟ್ಟರು.

30 ಸೆಪ್ಟೆಂಬರ್, ಮಂಗಳವಾರ

ನಿನ್ನೆ ಗ್ಯಾಸ್ ಕಂಪನಿಗೆ ಫೋನು ಮಾಡಿ ಬಂದ ತಾರೀಕು, ರೀಡಿಂಗು ಎಲ್ಲ ಹೇಳಿದೆ. ಒಂದು ಕೋಡ್ ಕೊಟ್ಟರು. ಅದನ್ನು ತೋರಿಸಿದರೆ ಪೇಪಾಯಿಂಟ್ ಇರುವ ಅಂಗಡಿಯಲ್ಲಿ ಹೊಸ ಕಾರ್ಡು. 20 ಪೌಂಡ್ ಹಾಕಿಸಿ ಮೀಟರಿಗೆ ತೂರಿಸಿದ ಮೇಲೆ ಬಾಯ್ಲರ್ ಗುರ್ ಅಂದಿತು.

ನಾಳೆಯಿಂದ ದರ ಬದಲು. ಇಂಧನ ನಿಯಂತ್ರಕ ಸಂಸ್ಥೆ ಆಫ್‌ಜೆಮ್‌ನ ಪ್ರೈಸ್ ಕ್ಯಾಪ್, ಅಂದರೆ ದರದ ಮಿತಿ, ವರ್ಷಕ್ಕೆ 1,720 ಪೌಂಡಿನಿಂದ 1,755ಕ್ಕೆ ಏರುತ್ತದೆ. ಅದಕ್ಕೇ ಇವತ್ತು ಕರೆಂಟಿನ ರೀಡಿಂಗು ಮತ್ತೊಮ್ಮೆ ತೆಗೆದಿಟ್ಟೆ.

1 ಅಕ್ಟೋಬರ್, ಆಯುಧಪೂಜೆ

ಕಾರು, ಮಿಕ್ಸಿ, ಬಾಯ್ಲರ್, ಎರಡೂ ಮೀಟರು, ಎಲ್ಲಕ್ಕೂ ಕುಂಕುಮ ಇಟ್ಟೆ. ಗ್ಯಾಸಿನ ಒಲೆಯಲ್ಲಿ ಹಯಗ್ರೀವ. ಈ ದೇಶಕ್ಕೆ ಬಂದ ಮೇಲೆ ಉರಿ ಕಣ್ಣಿಗೆ ಕಾಣುವ ಹಾಗೆ ಅಡುಗೆ ಮಾಡಿದ್ದು ಇದೇ ಮೊದಲು.

4 ಅಕ್ಟೋಬರ್

ಹೊಸ ಕಾರ್ಡಿನಿಂದಲೂ ವಾರದ ಕಂತು ಮುರಿದಿದೆ! ಬಾಕಿ ಈಗ 79.90. ಕಾರ್ಡು ನಮ್ಮದಾದರೂ ಮೀಟರಿನೊಳಗೆ ಕೂತ ಸಾಲ ಹಾಗೇ ಇದೆ. ಮತ್ತೆ ಫೋನು. ಬಾಡಿಗೆ ಕರಾರಿನ ಪ್ರತಿ ಕಳಿಸಿ ಅಂದರು, ಕಳಿಸಿದೆ. ಸಾಲ ನಮ್ಮದಲ್ಲ ಅನ್ನುವುದರಲ್ಲಿ ಅವರಿಗೂ ತಕರಾರಿಲ್ಲ. ಆದರೆ ಅದನ್ನು ರುಜುವಾತು ಮಾಡಿ ತೆಗೆಸುವ ಕೆಲಸ ನಮ್ಮದೇ.

ದುಡ್ಡಿನ ಚಿಂತೆ ನನಗಿಲ್ಲ, ವಾಪಸು ಬರುತ್ತದೆ. ನನಗೆ ಇಂಗ್ಲಿಷು ಬರುತ್ತದೆ, ಫೋನು ಹಿಡಿದು ಕಾಯಲು ಹೊತ್ತಿದೆ. ಬರದವರು? ಮೀಟರಿನ ಬಟನ್ ಎಷ್ಟು ಸಲ ಒತ್ತಬೇಕೆಂದು ಗೊತ್ತಿಲ್ಲದವರು? 10 ಪೌಂಡ್ ಹಾಕಿದರೆ ಇಷ್ಟೇ ಗ್ಯಾಸು ಬರುವುದು ಅಂದುಕೊಂಡು, ಯಾರದೋ ಚಳಿಗಾಲದ ಸಾಲವನ್ನು ತಿಂಗಳುಗಟ್ಟಲೆ ತೀರಿಸುತ್ತಾರೆ. ಸಾಲ ಮಾಡಿದ ಮನುಷ್ಯರ ಜೊತೆ ಹೋಗಬೇಕಾದ್ದು ಗೋಡೆಗೆ ಅಂಟಿಕೊಂಡು, ಮುಂದೆ ಬಂದವರನ್ನು ಹಿಡಿಯುತ್ತದೆ.

ಹಿಂದೆ ಇದ್ದ ಆ ಹುಡುಗಿಯನ್ನೂ ಬೈಯಲು ಮನಸ್ಸು ಬಾರದು. ಉಕ್ರೇನ್ ಯುದ್ಧದ ವರ್ಷ ನೆನಪಿದೆಯಲ್ಲ. 2021ರ ಅಕ್ಟೋಬರಿನಲ್ಲಿ 1,277 ಪೌಂಡ್ ಇದ್ದ ಕ್ಯಾಪ್ ಮರುವರ್ಷ ಏಪ್ರಿಲ್‌ನಲ್ಲಿ 1,971, ಅಕ್ಟೋಬರಿನಲ್ಲಿ 3,549. ಸರ್ಕಾರ ನಡುವೆ ಬಂದು 2,500ಕ್ಕೆ ಹಿಡಿದು ನಿಲ್ಲಿಸಿದ್ದಕ್ಕೆ ಜನ ಉಸಿರಾಡಿದರು. ಆ ಚಳಿಗಾಲ ಬಾಕಿ ಉಳಿಸಿಕೊಂಡವರ ಮನೆಗಳಿಗೆ ಕಂಪನಿಯವರು ಕೋರ್ಟ್ ವಾರಂಟ್ ಹಿಡಿದು ನುಗ್ಗಿ ಇಂಥ ಮೀಟರು ಕೂರಿಸಿದರು. ಪತ್ರಿಕೆಯಲ್ಲಿ ಬಯಲಾದ ಮೇಲೆ, 2023ರ ಫೆಬ್ರುವರಿಯಲ್ಲಿ, ಅದಕ್ಕೆ ತಡೆ ಬಿತ್ತು. ಎಳೇ ಮಕ್ಕಳನ್ನು ಇಟ್ಟುಕೊಂಡು ಯಾರೂ ಖುಷಿಗೆ ಸಾಲ ಮಾಡುವುದಿಲ್ಲ.

18 ಅಕ್ಟೋಬರ್

ದೀಪಾವಳಿಗೆ ಎರಡೇ ದಿನ. ಬೆಲ್‌ಗ್ರೇವ್ ರಸ್ತೆಯ ದೀಪಗಳನ್ನು ನೋಡಿ ಬಂದು, ಕೂತು ಕರೆಂಟಿನ ಲೆಕ್ಕ ಹಾಕಿದೆವು.

ನನ್ನ ಜೊತೆ ಕೆಲಸ ಮಾಡುವವರಲ್ಲಿ ಓದಿದವರೂ ಕ್ಯಾಪ್ ಅಂದರೆ ಬಿಲ್ಲು ಅದಕ್ಕಿಂತ ಮೇಲೆ ಹೋಗುವುದಿಲ್ಲ ಅಂತ ನಂಬಿದ್ದಾರೆ. ಹಾಗಲ್ಲ. ಮಿತಿ ಇರುವುದು ಯೂನಿಟ್ಟಿನ ದರಕ್ಕೆ ಮತ್ತು ದಿನದ ಸ್ಟ್ಯಾಂಡಿಂಗ್ ಚಾರ್ಜಿಗೆ. 1,755 ಅನ್ನುವುದು ವರ್ಷಕ್ಕೆ 2,700 ಯೂನಿಟ್ ಕರೆಂಟು, 11,500 ಯೂನಿಟ್ ಗ್ಯಾಸು ಬಳಸುವ ಮನೆಗೆ ಬರುವ ಲೆಕ್ಕ. ಹೆಚ್ಚು ಉರಿಸಿದರೆ ಹೆಚ್ಚೇ ಕಟ್ಟಬೇಕು. ಈಗ ಕರೆಂಟು ಯೂನಿಟ್ಟಿಗೆ ಸರಾಸರಿ 26 ಪೆನ್ಸ್ ಚಿಲ್ಲರೆ, ಗ್ಯಾಸು 6 ಪೆನ್ಸ್ ಚಿಲ್ಲರೆ. ಏನೂ ಬಳಸದೆ ಊರಿಗೆ ಹೋಗಿದ್ದರೂ ಸ್ಟ್ಯಾಂಡಿಂಗ್ ಚಾರ್ಜು ದಿನಾ ಏರುತ್ತಲೇ ಇರುತ್ತದೆ. ಮೀಟರು ಗ್ಯಾಸನ್ನು ಘನ ಮೀಟರಿನಲ್ಲಿ ಅಳೆಯುತ್ತದೆ, ಒಂದಕ್ಕೆ ಸುಮಾರು 11 ಯೂನಿಟ್. ಇಷ್ಟು ತಿಳಿದರೆ ಯಾರ ಬಿಲ್ಲನ್ನೂ ಓದಬಹುದು.

ಕರೆಂಟಿಗೆ ಒಂದು ವರ್ಷದ ಸ್ಥಿರ ದರ ಆರಿಸಿದೆವು. ಇವರಿಗೆ ಏರಿಳಿಯುವ ದರದ ಮೇಲೆ ಒಲವು, ಮುಂದೆ ಇಳಿದೀತು ಅಂತ. ನನಗೆ ತಿಂಗಳ ಖರ್ಚು ಮೊದಲೇ ಗೊತ್ತಿರಬೇಕು. ಹೊಸ ಕಂಪನಿಯೇ ಹಳೆಯದಕ್ಕೆ ತಿಳಿಸಿ ಐದು ಕೆಲಸದ ದಿನಗಳಲ್ಲಿ ಬದಲಿಸುತ್ತದೆ. ಮನಸ್ಸು ಬದಲಾದರೆ 14 ದಿನದ ಅವಕಾಶ. ಒಂದು ನಿಮಿಷವೂ ಕರೆಂಟು ಹೋಗುವುದಿಲ್ಲ. ಗ್ಯಾಸಿಗೆ ಮಾತ್ರ ಮೊದಲು ಈ ಕಾರ್ಡಿನ ಮೀಟರು ತೆಗೆಸಬೇಕೆಂದುಕೊಂಡೆವು. ಮನೆ ಓನರ್ ಒಪ್ಪಿದ್ದಾರೆ.

5 ನವೆಂಬರ್

ಫ್ಲ್ಯಾಟಿನ ಕೊನೇ ಬಿಲ್ಲು. ಆರು ವಾರದೊಳಗೆ ಬರಬೇಕಾದ್ದು ಕಡೇ ವಾರದಲ್ಲಿ ಬಂತು. ಮೊತ್ತ ನೋಡಿ ಇವರಿಗೆ ಗಾಬರಿ. ಹಗಲಿನ ರೀಡಿಂಗನ್ನು ರಾತ್ರಿಯ ಜಾಗದಲ್ಲಿ, ರಾತ್ರಿಯದನ್ನು ಹಗಲಿನ ಜಾಗದಲ್ಲಿ ಹಾಕಿದ್ದಾರೆ. ನಾವು ಹೀಟರು ಕಾಯಿಸಿದ್ದೆಲ್ಲ ದುಬಾರಿ ದರಕ್ಕೆ ಬಿದ್ದಿದೆ. ಸೀರಿಯಲ್ ನಂಬರಿದ್ದ ಆ ಫೋಟೋಗಳನ್ನು ಕಳಿಸಿದೆ. ಎಂಟು ವಾರದಲ್ಲಿ ಬಗೆಹರಿಯದಿದ್ದರೆ ಎನರ್ಜಿ ಒಂಬುಡ್ಸ್‌ಮನ್‌ಗೆ ಹೋಗುವ ಹಕ್ಕಿದೆ, ಶುಲ್ಕವಿಲ್ಲ.

ಹೊರಗೆ ಪಟಾಕಿ, ಇಲ್ಲಿನವರ ಬಾನ್‌ಫೈರ್ ನೈಟ್. ಮಗ ಕಿಟಕಿ ಬಿಟ್ಟು ಕದಲುತ್ತಿಲ್ಲ.

22 ನವೆಂಬರ್

ಫ್ಲ್ಯಾಟಿನ ಬಿಲ್ಲು ತಿದ್ದಿ ಕಳಿಸಿದ್ದಾರೆ, ನಮಗೇ ದುಡ್ಡು ಬರುವುದಿದೆ.

ಗುರುವಾರ ಗ್ಯಾಸ್ ಮೀಟರು ಬದಲಾಯಿತು. ಬಂದ ಹುಡುಗ ಹಳೇ ಮೀಟರು ಬಿಚ್ಚುವ ಮೊದಲು ಕೊನೇ ಅಂಕಿ ತೋರಿಸಿ ಬರೆದುಕೊಂಡ. ಮುರಿದ ಕಂತುಗಳ ದುಡ್ಡು ಹಿಂದಕ್ಕೆ ಬಂದಿದೆ. ಇನ್ನು ಗ್ಯಾಸನ್ನೂ ನಮಗೆ ಬೇಕಾದ ಕಡೆಗೆ ಒಯ್ಯಬಹುದು.

ಹಿಂದೆ ಇದ್ದವಳ ಹೆಸರಿಗೆ ವಸೂಲಿಯವರ ಕಾಗದ ಮತ್ತೆ ಬಂದಿದೆ. ಒಡೆಯದೆ, "ಈ ವಿಳಾಸದಲ್ಲಿ ಇಲ್ಲ" ಎಂದು ಬರೆದು ಅಂಚೆ ಡಬ್ಬಕ್ಕೆ ಹಾಕಿದೆ. ವಾರ್ಡಿನ ಕೌನ್ಸಿಲರ್‌ಗೂ ಒಂದು ಪತ್ರ ಬರೆದೆ: ಬಾಡಿಗೆ ಮನೆಯ ಬೀಗದ ಕೈ ಕೊಡುವ ಮುನ್ನ ಮೀಟರಿನ ಮೇಲೆ ಹಳೇ ಬಾಕಿ ಇದೆಯೇ ಎಂದು ಏಜೆಂಟರು ನೋಡಲಿ, ಇದ್ದರೆ ತೆಗೆಸಿ ಕೊಡಲಿ.

ನಾನು ಕೆಲಸ ಮಾಡುವ ಆಸ್ಪತ್ರೆ ವಾರ್ಡಿನ ಹೊಸ ನರ್ಸ್, ಕಾಸರಗೋಡಿನ ಹುಡುಗಿ, ಬರುವ ಶನಿವಾರ ಬೇರೆ ಮನೆಗೆ ಹೋಗುತ್ತಾಳೆ. ಅಲ್ಲೂ ಕಾರ್ಡಿನ ಮೀಟರೇ. ನಾನು ಜೊತೆಗೆ ಬರುತ್ತೇನೆ, ಅಲ್ಲಿಯತನಕ ಡ್ರಾಯರಿನಲ್ಲಿ ಸಿಕ್ಕ ಯಾವ ಕಾರ್ಡನ್ನೂ ಹಾಕಬೇಡ ಎಂದು ಹೇಳಿದ್ದೇನೆ.