ಎದುರು ಕೂರುವವರು ಯಾರು?

ಪರದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪತ್ರ ಬರೆದಿದ್ದಾನೆ. ಪುಟ್ಟ ಸೈನಿಕರ ಗೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ ಚರಿತ್ರೆಯ ಯುದ್ಧಗಳನ್ನು ಆಡುವ ಹುಚ್ಚು ಅವನ ಮಗನಿಗೆ ಹಿಡಿದಿದೆಯಂತೆ. ಈ ಆಟಕ್ಕೆ ನಿಯಮಗಳ ಪುಸ್ತಕಗಳು ಹತ್ತಾರು. "ಮಾಷ್ಟ್ರೇ, ಹೊಸಬನಿಗೆ ಯಾವುದು ಸರಿ?" ಎಂದು ಕೇಳಿದ್ದಾನೆ. ಹುಡುಗನಿಗೆ ಅಲ್ಲಿ ಗೆಳೆಯರಿಲ್ಲ ಎಂಬ ಮಾತು ಪತ್ರದ ಕೊನೆಯಲ್ಲಿದೆ. ನನಗೆ ಮುಖ್ಯವೆನಿಸಿದ್ದು ಅದೇ.

ಶಿರ್ತಾಡಿಯಲ್ಲಿ ನನ್ನ ಬಾಲ್ಯದಲ್ಲಿ ಚದುರಂಗಕ್ಕೂ ಎರಡು ನಿಯಮಗಳಿದ್ದವು. ಹಿರಿಯರ ಪದ್ಧತಿಯಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದಕ್ಕೆ. ರಾಜನಿಗೆ ಒಮ್ಮೆ ಕುದುರೆಯಂತೆ ಜಿಗಿಯುವ ಅವಕಾಶ. ಶಾಲೆಯಲ್ಲಿ ಕಲಿತದ್ದು ಅಂತರರಾಷ್ಟ್ರೀಯ ಪದ್ಧತಿ. ಆಟಿಯ ಮಳೆಯಲ್ಲಿ ಚಾವಡಿಯಲ್ಲಿ ಕುಳಿತವರು ಯಾವುದು ಶ್ರೇಷ್ಠವೆಂದು ವಾದಿಸದೆ, ಎದುರಿನವರು ಬಲ್ಲ ನಿಯಮದಲ್ಲಿ ಆಡುತ್ತಿದ್ದರು. ಒಂದನ್ನು ಚೆನ್ನಾಗಿ ಬಲ್ಲವನಿಗೆ ಇನ್ನೊಂದು ಕಷ್ಟವಲ್ಲ. ಅವಿಭಜಿತ ಪಂಜಾಬಿನ ಮೀರ್ ಸುಲ್ತಾನ್ ಖಾನ್ ನಾಡಪದ್ಧತಿಯಲ್ಲಿ ಪಳಗಿ, ಬಳಿಕ ಹೊಸತನ್ನು ಕಲಿತು 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು.

ಆದುದರಿಂದ ಚಿಕ್ಕ ನಿಯಮವನ್ನೇ ಆರಿಸಬೇಕು. 1824ರಲ್ಲಿ ಪ್ರಷ್ಯದ ಸೇನಾಧಿಕಾರಿಗಳ ತರಬೇತಿಗೆಂದು ರೈಸ್‌ವಿಟ್ಜ್ ರೂಪಿಸಿದ ಯುದ್ಧದಾಟಕ್ಕೆ ನಕ್ಷೆಯೂ ತೀರ್ಪುಗಾರನೂ ಬೇಕು, ಅದು ಮಕ್ಕಳಿಗಲ್ಲ. 1990ರಲ್ಲಿ ಮೊದಲು ಪ್ರಕಟವಾದ 'ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್'ನಲ್ಲಿ ಪ್ರತಿ ಪಕ್ಷಕ್ಕೆ 12 ದಳಗಳು ಮಾತ್ರ. ಸುಮಾರು ಒಂದು ಗಂಟೆಯಲ್ಲಿ ಆಟ ಮುಗಿಯುತ್ತದೆ. ದಾಳದಲ್ಲಿ ಬಿದ್ದಷ್ಟೇ ನಡೆಗಳು. ದಳಪತಿಯ ಆಜ್ಞೆಯೆಲ್ಲ ರಣರಂಗದಲ್ಲಿ ನೆರವೇರುವುದಿಲ್ಲವೆಂಬ ಚರಿತ್ರೆಯ ಪಾಠ ಆ ಒಂದು ನಿಯಮದಲ್ಲಿದೆ. ಪ್ರಾಚೀನ ಕಾಲದಿಂದ ಕ್ರಿ.ಶ. 1500ರವರೆಗಿನ ಯುದ್ಧಗಳಷ್ಟೇ ಅದರ ವ್ಯಾಪ್ತಿ. 1565ರ ತಾಳಿಕೋಟೆ ಅದರೊಳಗೆ ಬರುವುದಿಲ್ಲ. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದ ಯುದ್ಧ ಬರುತ್ತದೆ. 634ರ ಐಹೊಳೆ ಶಾಸನವನ್ನು ತರಗತಿಯಲ್ಲಿ ಓದಿದ್ದು ನೆನಪಿರಬಹುದು.

ಎರಡೂ ಸೇನೆಗಳನ್ನು ನೀವೇ ಸಿದ್ಧಪಡಿಸಿಕೊಳ್ಳಿ. ಆಗ ಏನೂ ತಿಳಿಯದ ನೆರೆಮನೆಯ ಹುಡುಗನನ್ನೂ ಆಟಕ್ಕೆ ಕರೆಯಬಹುದು. ಅವನು ಬರುವವರೆಗೆ, ಮಗು, ಎದುರಿಗೆ ನೀನು ಕುಳಿತುಕೋ. ವಾರಕ್ಕೆ ಒಂದು ಗಂಟೆ ಸಾಕು. ಪುಲಕೇಶಿಯ ಸೇನೆ ಮಗನಿಗಿರಲಿ, ನೀನು ಹರ್ಷನಾಗು. ಸೋತರೂ ಚರಿತ್ರೆಗೆ ಅಪಚಾರವಾಗದು.