ಹನಿಯ ಜಾಡು

ಬೆಳಗಿನ ಆರು ಗಂಟೆ. ಒಂಟಿಕೊಪ್ಪಲಿನ ನಮ್ಮ ಮನೆಯ ಪಡಸಾಲೆಗೆ ಕಾಲಿಟ್ಟರೆ ಮೂಗಿಗೆ ಬಡಿಯುವುದು ಪೆಟ್ರೋಲಿನ ವಾಸನೆ. ದೇವರ ಕೋಣೆಯಲ್ಲಿ ಅಮ್ಮ ಬತ್ತಿ ಹೊಸೆದಿಟ್ಟು ಬೆಂಕಿಪೊಟ್ಟಣ ಕೈಗೆತ್ತಿಕೊಂಡಿದ್ದಾಳೆ.

"ಅಮ್ಮಾ, ಗೀರಬೇಡ! ದೀಪ ಆಮೇಲೆ."

ಅವಳ ಕೈ ಅಲ್ಲೇ ನಿಲ್ಲುತ್ತದೆ. ಒಲೆ ಇನ್ನೂ ಹಚ್ಚಿಲ್ಲ, ಪುಣ್ಯ. ಲೈಟಿನ ಸ್ವಿಚ್ಚನ್ನೂ ಮುಟ್ಟದೆ ಕಿಟಕಿ, ಬಾಗಿಲು ಎಲ್ಲ ತೆರೆಯುತ್ತೇನೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಹೊಗೆಯ ಹಾಗೆ ಮೇಲೇರಿ ಹೋಗುವುದಿಲ್ಲ. ನೆಲ ಹಿಡಿದು ಹರಿಯುತ್ತದೆ, ಹೊಸ್ತಿಲು ದಾಟಿ ಒಳಮನೆಗೂ ನುಗ್ಗುತ್ತದೆ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ಸೋಕಿದರೆ ಹೊತ್ತಿಕೊಳ್ಳುವ ಪದಾರ್ಥ ಅದು. ಮೈಸೂರಿನ ಈ ಬೆಚ್ಚನೆಯ ಬೆಳಗಿನಲ್ಲಿ ಕೇಳಬೇಕೆ?

ಪಡಸಾಲೆಯ ಮೂಲೆಯಲ್ಲಿ ನಿಂತಿದೆ ಅಪ್ಪನ ಯೆಜ್ಡಿ. 1984ರ ಗಾಡಿ. ಸ್ಟ್ಯಾಂಡ್ ಇಳಿಸಿ ಅಂಗಳಕ್ಕೆ ತಳ್ಳಿ, ಹೊಂಗೆ ಮರದ ನೆರಳಿಗೆ ನಿಲ್ಲಿಸುತ್ತೇನೆ. ಗಾಳಿಯಾಡುವ ಕಡೆ ಬಂದಮೇಲೆ ಬ್ಯಾಟರಿಯ ವೈರು ಬಿಚ್ಚುತ್ತೇನೆ.

"ಇದು ಮೂರನೇ ಸಲ ಕಣೋ," ಅಮ್ಮ ಬಾಗಿಲಲ್ಲಿ ನಿಂತಿದ್ದಾಳೆ. "ನಿಮ್ಮಪ್ಪನ ಗಾಡಿ ಅಂತ ನನಗೂ ಇದೆ. ಆದ್ರೆ ದೀಪ ಹಚ್ಚೋಕೆ ಹೆದರಬೇಕು ಅಂದ್ರೆ ಇದು ಮನೇಲಿರೋದು ಬೇಡ."

ಅವಳು ಹೇಳುವುದರಲ್ಲಿ ತಪ್ಪಿಲ್ಲ. ಮೊದಲ ಸಲ ಪೈಪು ಬದಲಾಯಿಸಿದ್ದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ, ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರನ್ನು ಕೆಡಿಸುತ್ತದೆಂದು ಕೇಳಿದ್ದೆ, ನಂಬಿದ್ದೆ. ಆ ಮಾತು ಸುಳ್ಳಲ್ಲ. ಪೈಪು ಹಾಕಿದ ಮೇಲೆ ವಾಸನೆ ನಿಂತಿತು. ಕೆಲವು ದಿನಗಳ ನಂತರ ಮತ್ತೆ ಬಂತು. ಎರಡನೇ ಸಲ ಕಾರ್ಬೊರೇಟರ್ ಬಿಚ್ಚಿ ಫ್ಲೋಟಿನ ಸೂಜಿ, ವಾಷರುಗಳನ್ನೆಲ್ಲ ಹೊಸದು ಹಾಕಿಸಿದೆ. ಆಗಲೂ ನಿಂತಿತು. ಈಗ ನೋಡಿದರೆ ಮತ್ತೆ.

ಈ ಸಲ ಊಹೆ ಬೇಡ, ಕಣ್ಣಾರೆ ನೋಡೋಣ ಎಂದು ಕೂರುತ್ತೇನೆ. ಒಣಬಟ್ಟೆಯಿಂದ ಟ್ಯಾಪು, ಪೈಪು, ಕಾರ್ಬೊರೇಟರ್, ಎಂಜಿನ್ನಿನ ಮೈ ಎಲ್ಲವನ್ನೂ ಒರೆಸುತ್ತೇನೆ. ಕೆಳಗೆ ಹಳೆಯ ಪತ್ರಿಕೆ ಹಾಸುತ್ತೇನೆ. ಟ್ಯಾಪ್ ಮುಚ್ಚಿದೆ. ಟ್ಯಾಪಿನಿಂದ ಕೆಳಗೆ ಸೋರುತ್ತಿದ್ದರೆ ಇನ್ನು ಹನಿ ಬೀಳಬಾರದು.

ಕಾಲು ಗಂಟೆ. ಪತ್ರಿಕೆಯ ಮೇಲೆ ಟಪ್ ಎಂದು ಒಂದು ಹನಿ. ಬಿದ್ದದ್ದು ಕಾರ್ಬೊರೇಟರಿನ ತುದಿಯಿಂದ.

ಟ್ಯಾಪೇ ಸರಿಯಾಗಿ ಮುಚ್ಚುತ್ತಿಲ್ಲವೇನೋ. ಪೈಪು ಕಳಚಿ, ಟ್ಯಾಪಿನ ಮೂತಿಗೆ ಒಣಗಿದ ಗಾಜಿನ ಶೀಷೆ ಹಿಡಿದು ಕೂರುತ್ತೇನೆ. ಹತ್ತು ನಿಮಿಷ ಕಳೆದರೂ ಶೀಷೆಯಲ್ಲಿ ತೇವದ ಸುಳಿವಿಲ್ಲ. ಟ್ಯಾಪು ನಿರಪರಾಧಿ. ಕಾರ್ಬೊರೇಟರಿಗೆ ಪೆಟ್ರೋಲು ಹೋಗುವ ದಾರಿಯೇ ಕಡಿದಿದೆ. ಆದರೂ ಅದರ ತುದಿಯಲ್ಲಿ ಇನ್ನೊಂದು ಹನಿ ತುಂಬಿಕೊಳ್ಳುತ್ತಿದೆ, ನನ್ನ ಕಣ್ಣೆದುರಿಗೇ.

ಸ್ಟಾರ್ಟ್ ಮಾಡುವ ಧೈರ್ಯವಿಲ್ಲ. ಯಾದವಗಿರಿಯ ಕಡೆಗೆ ತಳ್ಳಿಕೊಂಡು ಹೊರಡುತ್ತೇನೆ. ಈ ಗಾಡಿ ಹುಟ್ಟಿದ್ದು ಅಲ್ಲೇ. 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ಮೊದಲು ಜಾವಾ, ಆಮೇಲೆ ಯೆಜ್ಡಿ ಗಾಡಿಗಳನ್ನು ಕಟ್ಟಿ ಕಳಿಸಿದ್ದು ಆ ಬಡಾವಣೆಯಿಂದ. ಕಾರ್ಖಾನೆ ಮುಚ್ಚಿತು, ಆದರೆ ಅದರ ವಿದ್ಯೆ ಊರಿನ ಕೆಲವು ಕೈಗಳಲ್ಲಿ ಉಳಿಯಿತು. ಅಂಥ ಒಬ್ಬರ ಗ್ಯಾರೇಜಿಗೆ ನಾನು ಹೋಗುತ್ತಿರುವುದು. ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಾರೆ.

"ಏನಪ್ಪ, ತಳ್ಕೊಂಡ್ ಬಂದಿದ್ದೀಯ?"

"ಪೆಟ್ರೋಲ್ ಸೋರ್ತಿದೆ ಉಸ್ತಾದ್. ಕಾರ್ಬೊರೇಟರ್‌ನಿಂದ."

ಅವರು ಗಾಡಿ ನೋಡುವುದಕ್ಕೆ ಮೊದಲು ಗೋಡೆಯ ಬಳಿ ಉರಿಯುತ್ತಿದ್ದ ಊದುಬತ್ತಿಯನ್ನು ನೀರಿಗದ್ದಿ ಆರಿಸುತ್ತಾರೆ. ಬಂದು ಕುಕ್ಕರಗಾಲಲ್ಲಿ ಕೂತು, ಯಾವ ಸ್ಪ್ಯಾನರೂ ಹಿಡಿಯದೆ, ಒಂದೇ ಒಂದು ಪ್ರಶ್ನೆ ಕೇಳುತ್ತಾರೆ.

"ಟ್ಯಾಂಕ್ ಯಾವಾಗ ತುಂಬಿಸ್ದೆ?"

"ನಿನ್ನೆ ಸಂಜೆ. ಫುಲ್."

"ಹೋದ ಸಲ ಸೋರಿದಾಗ?"

ಯೋಚಿಸುತ್ತೇನೆ. ಶ್ರೀರಂಗಪಟ್ಟಣಕ್ಕೆ ಹೋಗುವ ಹಿಂದಿನ ದಿನ ತುಂಬಿಸಿದ್ದೆ. ಅದಕ್ಕೂ ಮೊದಲು? ಆಗಲೂ ಬಂಕಿನಿಂದ ಬಂದ ರಾತ್ರಿಯೇ. ಹೇಳುತ್ತಿದ್ದಂತೆ ನನಗೇ ತಿಳಿಯುತ್ತದೆ. ಪೈಪು ಹಾಕಿದ್ದರಿಂದ ಸೋರಿಕೆ ನಿಂತಿರಲಿಲ್ಲ. ನಾನು ಓಡಿಸಿ ಓಡಿಸಿ ಪೆಟ್ರೋಲು ಇಳಿದಿತ್ತು, ಅದಕ್ಕೇ ನಿಂತಿತ್ತು. ಎರಡು ಸಲವೂ ರಿಪೇರಿಯ ಪುಣ್ಯವೆಂದು ನಂಬಿ ನೆಮ್ಮದಿಯಾಗಿ ಮಲಗಿದ್ದೆ.

"ತುಂಬಿದಾಗ ಸೋರ್ತದೆ, ಇಳಿದಾಗ ನಿಲ್ತದೆ. ಅಂದ್ರೆ ತೂತು ತಳದಲ್ಲಿಲ್ಲ, ಮೇಲಿದೆ," ಎನ್ನುತ್ತಾರೆ ಉಸ್ತಾದ್. "ಎಲ್ಲಿ ಬೀಳ್ತದೆ ಅಂತ ನೋಡ್ಬೇಡ. ಎಲ್ಲಿಂದ ಬರ್ತದೆ ನೋಡು."

ಮುಖಕ್ಕೆ ಹಚ್ಚುವ ಪೌಡರಿನ ಡಬ್ಬ ತರಿಸುತ್ತಾರೆ. ಕಾರ್ಬೊರೇಟರಿನ ಮೇಲೆ, ಸೀಟಿನ ಮುಂದೆ, ಟ್ಯಾಂಕಿನ ಅಡಿಗೆ ಕೈ ತೂರುವಲ್ಲೆಲ್ಲ ಉದುರಿಸಿ, "ಚಾ ಕುಡಿದು ಬರೋಣ" ಎಂದು ರಸ್ತೆಯಾಚೆ ಕರೆದೊಯ್ಯುತ್ತಾರೆ. ಪೆಟ್ರೋಲನ್ನು ಹಿಡಿಯುವುದು ಕಷ್ಟ. ಸೋರಿದ ಜಾಗದಲ್ಲೇ ಆರಿ ಮಾಯವಾಗುತ್ತದೆ. ಆದರೆ ಟೂ ಸ್ಟ್ರೋಕ್ ಗಾಡಿಯಲ್ಲಿ ಒಂದು ಅನುಕೂಲವಿದೆ. ಲೀಟರಿಗೆ 40 ಮಿಲಿ ಲೀಟರಿನಷ್ಟು ಆಯಿಲ್ಲನ್ನು ನಾವೇ ಪೆಟ್ರೋಲಿಗೆ ಬೆರೆಸುತ್ತೇವೆ. ಪೆಟ್ರೋಲು ಓಡಿಹೋದರೂ ಆಯಿಲ್ಲು ಉಳಿದು ಸಾಕ್ಷಿ ಹೇಳುತ್ತದೆ.

ಬಂದು ಟಾರ್ಚು ಬಿಟ್ಟರೆ ಬಿಳಿಯ ಪೌಡರಿನ ನಡುವೆ ಬೆರಳಗಲದ ಒಂದು ತೇವದ ಗೆರೆ. ಕಾರ್ಬೊರೇಟರಿನ ನೆತ್ತಿಯಿಂದ ಮೇಲಕ್ಕೆ ಹೋಗುತ್ತದೆ. ಟ್ಯಾಂಕಿನ ಕೆಳಗೆ ಬೆನ್ನುಮೂಳೆಯಂತೆ ಹಾದುಹೋಗುವ ಫ್ರೇಮಿನ ಹೊಟ್ಟೆ ಹಿಡಿದು ಮುಂದಕ್ಕೆ ಸಾಗಿ ಕತ್ತಲಲ್ಲಿ ಕಾಣೆಯಾಗುತ್ತದೆ. ಬೆರಳಿಟ್ಟು ಸವರಿದರೆ ಪೌಡರಿನ ಅಡಿಯಲ್ಲಿ ಹಳೆಯ ಜಿಡ್ಡು, ತಿಂಗಳುಗಳ ಧೂಳು ಮೆತ್ತಿಕೊಂಡ ಕಪ್ಪು ಪಟ್ಟೆ. ಇಷ್ಟು ದಿನ ಇಲ್ಲೇ ಇತ್ತು. ನಾನು ಕತ್ತು ಬಗ್ಗಿಸಿ ನೋಡಿರಲಿಲ್ಲ.

ಪೆಟ್ರೋಲನ್ನು ಕ್ಯಾನಿಗೆ ಇಳಿಸಿ, ಬೋಲ್ಟು ಬಿಚ್ಚಿ, ಟ್ಯಾಂಕನ್ನು ಮಗುವಿನಂತೆ ಎತ್ತಿ ಗೋಣಿಚೀಲದ ಮೇಲೆ ಬೋರಲು ಮಲಗಿಸುತ್ತೇವೆ. ಫ್ರೇಮು ಕೂರಲೆಂದು ನಡುವೆ ಮಾಡಿದ ಕಣಿವೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಉಜ್ಜಿ ಉಜ್ಜಿ ಬೆಳ್ಳಿಯ ಹಾಗೆ ಹೊಳೆಯುತ್ತಿದೆ. ಅದರ ಮಧ್ಯೆ ಸೂಜಿಮೊನೆಯ ತೂತು. ಟ್ಯಾಂಕಿನ ಭಾರ ಹೊರಬೇಕಿದ್ದ ರಬ್ಬರು ನಲವತ್ತು ವರ್ಷಕ್ಕೆ ಗಟ್ಟಿಯಾಗಿ, ಬಿರಿದು, ಪುಡಿಯಾಗಿದೆ. ಆಮೇಲೆ ಪ್ರತಿ ಗುಂಡಿಗೂ, ಪ್ರತಿ ಉಬ್ಬಿಗೂ ಕಬ್ಬಿಣವು ಕಬ್ಬಿಣವನ್ನು ಉಜ್ಜಿದೆ. ಕಣಿವೆಯ ನೆತ್ತಿ ಇರುವುದು ಟ್ಯಾಂಕಿನ ಅರ್ಧ ಎತ್ತರದಲ್ಲಿ. ಪೆಟ್ರೋಲು ಅದಕ್ಕಿಂತ ಮೇಲಿದ್ದರೆ ಸೋರಿಕೆ, ಕೆಳಗಿಳಿದರೆ ಇಲ್ಲ.

"ದಾರೀಲಿ ಹಿಂಗಾದ್ರೆ ಬಟ್ಟೆ ಸೋಪು ತಿಕ್ಕಿ ಮುಚ್ಚು. ಪೆಟ್ರೋಲಿಗೆ ಸೋಪು ಕರಗಲ್ಲ, ಮನೆ ಮುಟ್ಟಿಸ್ತದೆ," ಎನ್ನುತ್ತಾರೆ ಉಸ್ತಾದ್. "ಆದ್ರೆ ಅದು ರಿಪೇರಿ ಅಲ್ಲ."

ರಿಪೇರಿಗೆ ಅವರು ಆತುರಪಡುವುದಿಲ್ಲ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಅಪಾಯ, ಒಳಗೆ ಆವಿಯೂ ಗಾಳಿಯೂ ಬೆರೆತು ಕಿಡಿಗೆ ಕಾದಿರುತ್ತವೆ. ಸೋಪಿನ ಬಿಸಿನೀರು ತುಂಬಿ, ಕುಲುಕಿ, ಚೆಲ್ಲಿ, ಮತ್ತೆ ತುಂಬಿ, ವಾಸನೆ ಪೂರ್ತಿ ಹೋಗುವವರೆಗೆ ತೊಳೆಯುತ್ತೇವೆ. ಆಮೇಲೂ ತೂತಿನ ಸುತ್ತ ಒಂದಿಷ್ಟು ಜಾಗ ಬಿಟ್ಟು ಉಳಿದೆಡೆಯೆಲ್ಲ ನೀರು ನಿಲ್ಲಿಸಿಯೇ ಗ್ಯಾಸ್ ವೆಲ್ಡಿಂಗಿನವರು ಪಿತ್ತಳೆಯ ಬೆಸುಗೆ ಹಾಕುವುದು. ತಣಿದ ಮೇಲೆ ನೀರು ತುಂಬಿ ಪರೀಕ್ಷೆ, ಬಿಸಿಲಲ್ಲಿ ಒಣಗಿಸುವುದು. ಕೊನೆಗೆ ಫ್ರೇಮಿನ ಮೇಲೆ ದಪ್ಪನೆಯ ಹೊಸ ರಬ್ಬರು ಕೂರಿಸಿ, ಟ್ಯಾಂಕು ಇಳಿಸಿ, ನಡುವೆ ಬೆರಳು ತೂರಿಸಿ ಎಲ್ಲೂ ತಾಗುತ್ತಿಲ್ಲವೆಂದು ನನ್ನಿಂದಲೇ ಖಾತ್ರಿ ಮಾಡಿಸುತ್ತಾರೆ.

"ಅರ್ಧ ಹಾಕ್ಸಿ ನೋಡ್ಬೇಡ," ಹೊರಡುವಾಗ ಹೇಳುತ್ತಾರೆ. "ಬಾಯಿಮಟ್ಟ ತುಂಬ್ಸು. ಆಮೇಲೆ ಪೇಪರ್ ಹಾಸು."

ಎರಡು ರಾತ್ರಿ ಗಾಡಿ ಅಂಗಳದಲ್ಲೇ ಮಲಗುತ್ತದೆ, ತುಂಬಿದ ಟ್ಯಾಂಕಿನೊಂದಿಗೆ. ಮೂರನೆಯ ಬೆಳಗ್ಗೆ ಪತ್ರಿಕೆ ಎತ್ತಿ ಬೆಳಕಿಗೆ ಹಿಡಿಯುತ್ತೇನೆ. ಒಂದು ಹೊಂಗೆ ಎಲೆ, ಇಬ್ಬನಿಗೆ ಮೆತ್ತಗಾದ ಅಂಚು. ಕಲೆಯಿಲ್ಲ, ಜಿಡ್ಡಿಲ್ಲ. ಮೂಗಿಗೆ ಹಿಡಿದರೆ ಬರೀ ಕಾಗದದ ವಾಸನೆ.

ಅಮ್ಮ ಬಂದು ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೂ ಮೂಸುತ್ತಾಳೆ. ಬಗ್ಗಿ ಟ್ಯಾಂಕಿನ ಅಡಿಯನ್ನೊಮ್ಮೆ ನೋಡುತ್ತಾಳೆ.

"ಒಳಗೆ ತಂದು ನಿಲ್ಸು," ಎನ್ನುತ್ತಾಳೆ. "ಬಿಸಿಲಿಗೆ ಬಣ್ಣ ಹೋಗತ್ತೆ."

ಪಡಸಾಲೆಯ ಮೂಲೆಯಲ್ಲಿ ಸ್ಟ್ಯಾಂಡ್ ಹಾಕುತ್ತಿರುವಾಗ, ದೇವರ ಕೋಣೆಯಿಂದ ಬೆಂಕಿಕಡ್ಡಿ ಗೀರಿದ ಸದ್ದು ಕೇಳಿಸುತ್ತದೆ.