ಒಳಗಿನ ಕೊಳೆ

ಆಯುಧಪೂಜೆಯ ದಿನ ಚಿಕ್ಕಬಳ್ಳಾಪುರದ ಬೀದಿಗಳಲ್ಲಿ ವಾಹನಗಳಿಗೆ ಹಬ್ಬ. ಮುಂಜಾನೆಯೇ ಕಾರುಗಳು ಮಿಂದು, ಮೈ ಒರೆಸಿಕೊಂಡು ನಿಲ್ಲುತ್ತವೆ. ಸುತ್ತಲಿನ ಹೊಲಗಳಲ್ಲಿ ಬೆಳೆದ ಸೇವಂತಿಗೆಯ ಹಾರ, ಹಣೆಗೆ ಅರಿಸಿನ ಕುಂಕುಮ, ಚಕ್ರದಡಿಗೆ ನಿಂಬೆಯ ಹಣ್ಣು. ಒಟ್ಟಿನಲ್ಲಿ ಮದುವೆಯ ಗಂಡಿನ ಠೀವಿ. ಆದರೆ ಆ ಹೊಳೆಯುವ ಬಾನೆಟ್ಟನ್ನು ಎತ್ತಿ ನೋಡುವವರು ವಿರಳ. ಎತ್ತಿದರೆ ಕಾಣುವುದು ಬೇರೆಯೇ ಒಂದು ಲೋಕ: ಎಣ್ಣೆಯೊಡನೆ ಕಲಸಿ ಗಟ್ಟಿಯಾದ ಧೂಳು, ಒಣಗಿದ ಎಲೆ, ಬ್ಯಾಟರಿಯ ತುದಿಗಳಲ್ಲಿ ಬಿಳಿಯ ಪುಡಿ, ಕೆಲವೊಮ್ಮೆ ಇಲಿ ತಂದಿಟ್ಟ ಹುಲ್ಲಿನ ಗೂಡು. 'ಹೊರಗೆ ಥಳಕು, ಒಳಗೆ ಹುಳುಕು' ಎಂಬ ಗಾದೆಯನ್ನು ಕಟ್ಟಿದವರು ಕಾರನ್ನು ಕಂಡವರಲ್ಲ. ಆದರೂ ಗಾದೆ ಅದಕ್ಕೆ ಚೆನ್ನಾಗಿಯೇ ಒಪ್ಪುತ್ತದೆ.

ಈ ಸೀಮೆಯ ವಾಹನಕ್ಕೆ ಧೂಳು ತಪ್ಪಿದ್ದಲ್ಲ. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತು ಬರುವ ಗಾಡಿ, ಚಿಂತಾಮಣಿಯ ಮಂಡಿಗೆ ಟೊಮೇಟೊ ತರುವ ಗಾಡಿ, ಗೌರಿಬಿದನೂರಿನ ಮುಸುಕಿನ ಜೋಳದ ಹೊಲಗಳ ನಡುವೆ ಸಾಗುವ ಗಾಡಿ, ಎಲ್ಲವೂ ಕೆಮ್ಮಣ್ಣಿನ ದಾರಿಯನ್ನು ಮುಟ್ಟಿಯೇ ಬರಬೇಕು. ಒಣ ಧೂಳಾದರೆ ಗಾಳಿಗೆ ಹಾರೀತು. ಎಣ್ಣೆಯ ಪಸೆಗೆ ಅಂಟಿದ ಧೂಳು ಹಾರುವುದಿಲ್ಲ. ಅದು ಪದರ ಪದರವಾಗಿ ಕುಳಿತು, ಎಂಜಿನ್ನಿನ ಮೈಗೆ ಕಂಬಳಿಯಂತೆ ಹೊದ್ದು, ಕಾವು ಹೊರಹೋಗಲು ಅಡ್ಡಿಯಾಗುತ್ತದೆ. ಅದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ. ಎಲ್ಲ ಕಡೆಯೂ ಕಪ್ಪಾಗಿರುವಲ್ಲಿ ಹೊಸದಾಗಿ ಜಿನುಗಿದ ಎಣ್ಣೆಯಾಗಲಿ, ಇಲಿ ಕಡಿದ ತಂತಿಯಾಗಲಿ ಕಣ್ಣಿಗೆ ಬೀಳುವುದಿಲ್ಲ. ಹೊಗೆ ಹೊರಹೋಗುವ ಕೊಳವೆ ಕಾದು ಕೆಂಡದಂತಾದಾಗ, ಅದರ ಪಕ್ಕದ ಒಣಹುಲ್ಲು ಹೊತ್ತಿಕೊಳ್ಳುವುದಕ್ಕೆ ಬೇರೆ ಬೆಂಕಿ ಬೇಕಿಲ್ಲ. ಆದುದರಿಂದ ಇದು ಅಂದದ ಮಾತಲ್ಲ. ಒಳಗೆ ಕುಳಿತವರ ಪ್ರಾಣದ ಮಾತು.

ತನ್ನ ಯಂತ್ರವನ್ನು ತಾನು ಅರಿತಿರಬೇಕೆಂಬುದು ಕಾರಿನಷ್ಟೇ ಹಳೆಯ ಪಾಠ. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಮಹಿಳೆ, ತನ್ನ ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ಮೂರು ಚಕ್ರದ ಗಾಡಿಯಲ್ಲಿ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಸುಮಾರು 100 ಕಿಲೋಮೀಟರ್ ಪಯಣಿಸಿದಳು. ಜೊತೆಗಿದ್ದವರು ಅವಳ ಇಬ್ಬರು ಗಂಡುಮಕ್ಕಳು. ಹೆಚ್ಚು ಕಡಿಮೆ ಇಂದಿನ ಪ್ರೌಢಶಾಲೆಯ ಹುಡುಗರ ವಯಸ್ಸಿನವರು. ದಾರಿಯಲ್ಲಿ ಇಂಧನದ ನಳಿಕೆ ಕಸದಿಂದ ಕಟ್ಟಿಕೊಂಡಾಗ ಅವಳು ತನ್ನ ಟೋಪಿಯ ಸೂಜಿಯಿಂದಲೇ ಅದನ್ನು ಬಿಡಿಸಿದಳೆಂದು ಹೇಳುತ್ತಾರೆ. ಇತ್ತ ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು, ಮೋಟಾರು ಕಾರುಗಳು ಭಾರತದಲ್ಲಿಯೇ ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಸಿದ್ಧಪಡಿಸಿ ಶ್ರಮಿಸಿದರು. ಅವರ ಊರಿನ ಸುತ್ತ ಇಂದು ಮನೆಮನೆಗೆ ವಾಹನ ಬಂದಿದೆ. ವಾಹನದೊಡನೆ ಅದರ ಅರಿವೂ ಮನೆಗೆ ಬರಬೇಡವೆ?

ಅರಿವಿಲ್ಲದ ಉತ್ಸಾಹ ಮೊದಲು ಹುಡುಕುವುದು ನೀರಿನ ಪೈಪನ್ನು. ಒಂದು ಮನೆಯ ಅಂಗಳದಲ್ಲಿ ತಂದೆ ಬಾನೆಟ್ಟನ್ನು ಎತ್ತಿ ನಿಲ್ಲಿಸಿದ್ದ. ಮಗಳು ಒಳಗೆ ಇಣುಕಿ ಮೂಗು ಮುರಿದಳು.

"ಅಪ್ಪಾ, ಎಷ್ಟೊಂದು ಕೊಳೆ! ಪೈಪು ಹಿಡಿದರೆ ಐದು ನಿಮಿಷದ ಕೆಲಸ."

"ಐದು ನಿಮಿಷದ ಕೆಲಸವೇನೋ ಹೌದಮ್ಮ; ಅದರಿಂದ ಹುಟ್ಟುವ ಕೆಲಸ ಐದು ದಿನದ್ದು" ಎಂದು ತಂದೆ ನಕ್ಕ.

ಅವನ ಮಾತಿನಲ್ಲಿ ಹುರುಳಿತ್ತು. ಇಂದಿನ ಕಾರಿನ ಎಂಜಿನ್ ಬರಿಯ ಕಬ್ಬಿಣದ ಗಡ್ಡೆಯಲ್ಲ. ಅದರ ಸುತ್ತ ತಂತಿಗಳು, ಸಂವೇದಕಗಳು, ಪುಟ್ಟ ಕಂಪ್ಯೂಟರು ಎಲ್ಲವೂ ಇವೆ. ರಭಸದಿಂದ ನುಗ್ಗಿದ ನೀರು ಅವುಗಳ ಸಂದಿಗಳಲ್ಲಿ ಉಳಿದು ತುಕ್ಕು ಹಿಡಿಸುತ್ತದೆ. ವಿದ್ಯುತ್ತಿನ ದಾರಿಯನ್ನು ತಪ್ಪಿಸುತ್ತದೆ. ಇಲ್ಲಿ ಬಲಕ್ಕಿಂತ ತಾಳ್ಮೆಗೇ ಬೆಲೆ.

ತಾಳ್ಮೆಯ ಮೊದಲ ಹೆಜ್ಜೆ ಕಾಯುವುದು. ಓಡಿ ಬಂದ ಎಂಜಿನ್ ಪೂರ್ತಿ ತಣಿಯಬೇಕು. ರಾತ್ರಿ ನಿಲ್ಲಿಸಿ ಬೆಳಗ್ಗೆ ಕೈಯಿಡುವುದು ಉತ್ತಮ. ಉರಿಯುವ ಲಾಟೀನಿನ ಗಾಜಿಗೆ ನೀರಿನ ಹನಿ ತಗುಲಿದರೆ ಏನಾಗುತ್ತದೆಂಬುದನ್ನು ಹಿರಿಯರೆಲ್ಲ ಬಲ್ಲರು. ಕಾದ ಲೋಹವೂ ತಣ್ಣೀರು ಸೋಕಿದರೆ ಒಮ್ಮೆಲೇ ಕುಗ್ಗಿ ಬಿರುಕು ಬಿಡಬಹುದು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನಂತೂ ತೆರೆಯಲೇಬಾರದು. ಒತ್ತಡದಲ್ಲಿರುವ ಬಿಸಿನೀರು ಚಿಮ್ಮಿ ಮುಖವನ್ನು ಬೇಯಿಸೀತು.

ಗಾಡಿ ಸಮನೆಲದ ಮೇಲೆ ನಿಂತಿರಬೇಕು, ಹ್ಯಾಂಡ್‌ಬ್ರೇಕು ಹಾಕಿರಬೇಕು, ಕೀಲಿಕೈ ಹೊರಗಿರಬೇಕು. ಕೆಲವು ಗಾಡಿಗಳ ರೇಡಿಯೇಟರಿನ ಫ್ಯಾನು ಎಂಜಿನ್ ನಿಂತ ಮೇಲೂ ತಾನಾಗಿ ತಿರುಗುವುದುಂಟು. ಆ ಬಳಿಕ ಕಾರಿನೊಡನೆ ಬಂದ ಕೈಪಿಡಿಯನ್ನು ನೋಡಿ, ಬ್ಯಾಟರಿಯ ಋಣ ತುದಿಯ ತಂತಿಯನ್ನು ಬಿಚ್ಚಬೇಕು. ಧನ ತುದಿಯನ್ನೇ ಮೊದಲು ಬಿಚ್ಚಿದರೇನು? ಸಾಮಾನ್ಯವಾಗಿ ಕಾರಿನ ಲೋಹದ ಮೈಯೆಲ್ಲ ಋಣ ತುದಿಗೆ ಸೇರಿರುತ್ತದೆ. ಸ್ಪ್ಯಾನರು ಜಾರಿ ಮೈಗೆ ತಗುಲಿದರೆ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೊಮ್ಮುವ ಜಲಜನಕಕ್ಕೆ ಒಂದು ಕಿಡಿ ಸಾಕು. ಉಂಗುರ, ಗಡಿಯಾರ, ಬಳೆಗಳನ್ನು ಕಳಚಿಡಬೇಕೆನ್ನುವುದೂ ಈ ಕಾರಣಕ್ಕೇ. ತುದಿಗಳಲ್ಲಿ ಬೆಳೆದ ಬಿಳಿಯ ಪುಡಿಗೆ ಮದ್ದು ಅಡುಗೆಮನೆಯಲ್ಲಿಯೇ ಇದೆ. ಆಮ್ಲವನ್ನು ಪ್ರತ್ಯಾಮ್ಲ ಶಮನಗೊಳಿಸುತ್ತದೆಂಬ ವಿಜ್ಞಾನದ ಪಾಠದಂತೆ, ಅಡುಗೆ ಸೋಡಾ ಬೆರೆಸಿದ ನೀರನ್ನು ಬ್ರಷ್ಷಿನಿಂದ ಸವರಿದರೆ ಅದು ನೊರೆಯಾಗಿ ಕರಗುತ್ತದೆ. ಆ ನೀರು ಬ್ಯಾಟರಿಯ ಒಳಗೆ ಇಳಿಯದಂತೆ ಎಚ್ಚರ ವಹಿಸಬೇಕು. ಕೈಗೆ ಕೈಚೀಲ, ಕಣ್ಣಿಗೆ ಕನ್ನಡಕ ಇರಬೇಕಾದುದೂ ಅಗತ್ಯ.

ಇನ್ನು ಶುಚಿಯ ಕೆಲಸ. ಮೊದಲು ಒಣ ಕಸವನ್ನು ಒಣಗಿದ್ದಂತೆಯೇ ತೆಗೆಯಬೇಕು: ಎಲೆ, ಹುಲ್ಲುಗಳನ್ನು ಕೈಯಿಂದ, ಧೂಳನ್ನು ಬಣ್ಣ ಬಳಿಯುವ ಮೆತ್ತನೆಯ ಬ್ರಷ್ಷಿನಿಂದ. ಬ್ಯಾಟರಿ, ಆಲ್ಟರ್ನೇಟರು, ಫ್ಯೂಸ್ ಪೆಟ್ಟಿಗೆ, ಗಾಳಿ ಒಳಸೇರುವ ಬಾಯಿ, ಇವುಗಳಿಗೆ ಪ್ಲಾಸ್ಟಿಕ್ ಚೀಲದ ಮುಸುಕು ಹಾಕಬೇಕು. ಜಿಡ್ಡು ತೆಗೆಯುವ ದ್ರಾವಣವನ್ನು ಅಥವಾ ಸಾಬೂನಿನ ನೀರನ್ನು ಬ್ರಷ್ಷಿಗೆ ಹಚ್ಚಿ, ಸ್ವಲ್ಪ ಸ್ವಲ್ಪ ಜಾಗವನ್ನೇ ಉಜ್ಜಿ, ಒಣಗುವ ಮೊದಲೇ ಹಿಂಡಿದ ಒದ್ದೆಬಟ್ಟೆಯಿಂದ ಒರೆಸಿ ತೆಗೆಯಬೇಕು. ಜಿಡ್ಡು ಬೇಗ ಬಿಡುತ್ತದೆಂದು ಪೆಟ್ರೋಲನ್ನು ಬಳಸುವುದು ಪ್ರಾಣಕ್ಕೆ ಎರವಾಗುವ ಜಾಣತನ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಕಣ್ಣಿಗೆ ಕಾಣದೆ ನೆಲದ ಮೇಲೆ ಹರಡಿ, ದೂರದ ಕಿಡಿಯನ್ನು ತಾನೇ ಹುಡುಕಿಕೊಂಡು ಹೋಗುತ್ತದೆ.

ಕೆಲಸ ಮುಗಿದ ಮೇಲೆ ಬಟ್ಟೆಗಳನ್ನು ಎಣಿಸಬೇಕು. ಐದು ಒಳಗೆ ಹೋಗಿದ್ದರೆ ಐದೂ ಹೊರಗೆ ಬರಬೇಕು; ಮರೆತ ಒಂದು ಚಿಂದಿ ಮರುದಿನದ ಬೆಂಕಿಯಾದೀತು. ಮುಸುಕುಗಳನ್ನು ತೆಗೆದು, ಬಾನೆಟ್ಟನ್ನು ತೆರೆದಿಟ್ಟು ಚೆನ್ನಾಗಿ ಆರಿಸಿ, ಬ್ಯಾಟರಿಯ ತಂತಿಯನ್ನು ಕೂಡಿಸಿ, ಆಮೇಲೆ ಎಂಜಿನ್ನನ್ನು ಚಾಲೂ ಮಾಡಿ ಅದರ ದನಿಯನ್ನು ಆಲಿಸಬೇಕು. ವಿದ್ಯಾರ್ಥಿಗಳು ಈ ಕೆಲಸಕ್ಕೆ ಹಿರಿಯರ ಜೊತೆಯಲ್ಲಿಯೇ ಕೈಹಾಕುವುದು ಲೇಸು. ವಿದ್ಯುತ್ತಿನಿಂದ ಓಡುವ ಅಥವಾ ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ತಂತಿಗಳು ಕಂಡರೆ ಹಿರಿಯರೂ ಕೈ ಹಿಂದೆಗೆಯಬೇಕು. ಅವು ಅಪಾರ ವಿದ್ಯುದೊತ್ತಡವನ್ನು ಹೊತ್ತವು. ಎಲ್ಲಿ ನಿಲ್ಲಬೇಕೆಂಬುದನ್ನು ತಿಳಿಯುವುದೂ ಕೌಶಲದ ಒಂದು ಭಾಗವೇ.

ಬಕೆಟ್ಟಿನ ತಳದಲ್ಲಿ ಉಳಿದ ಕಪ್ಪು ನೀರಿನ ವಿಚಾರ ಇನ್ನೂ ಬಾಕಿ ಇದೆ. ಈ ಜಿಲ್ಲೆಯ ಬೆಟ್ಟಗಳಲ್ಲಿ ನದಿಗಳು ಹುಟ್ಟುತ್ತವೆ. ವರ್ಷವಿಡೀ ಹರಿಯುವ ನದಿ ಮಾತ್ರ ಒಂದೂ ಇಲ್ಲ. ಗೌರಿಬಿದನೂರನ್ನು ಹಾಯುವ ಉತ್ತರ ಪಿನಾಕಿನಿಯಲ್ಲಿ ನೀರಿಗಿಂತ ಮರಳನ್ನು ಕಾಣುವ ದಿನಗಳೇ ಹೆಚ್ಚು. 1000 ಅಡಿಗೂ ಮಿಕ್ಕಿ ಕೊರೆದ ಕೊಳವೆ ಬಾವಿಗಳು ಇಲ್ಲಿ ಅಪರೂಪವಲ್ಲ. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆನೀರನ್ನು ಸಂಸ್ಕರಿಸಿ, ಕೊಳವೆಗಳಲ್ಲಿ ಸಾಗಿಸಿ ಇಲ್ಲಿನ ಕೆರೆಗಳನ್ನು ತುಂಬಿಸಬೇಕಾಗಿ ಬಂದಿದೆ. ಇಂತಹ ನೆಲದಲ್ಲಿ ಒಂದು ಕಾರಿನ ಜಿಡ್ಡನ್ನು ಚರಂಡಿಗೆ ಹರಿಯಬಿಟ್ಟರೆ, ಅದು ಹರಿದು ಸೇರುವುದು ಕೆರೆಯನ್ನೇ. ಎಣ್ಣೆ ನೀರಿನ ಮೇಲೆ ತೆಳುವಾಗಿ ಹಬ್ಬಿ, ಗಾಳಿಯ ಆಮ್ಲಜನಕ ಕೆಳಗಿಳಿಯದಂತೆ ತಡೆಯುತ್ತದೆ, ಮೀನು ಉಸಿರುಗಟ್ಟುತ್ತದೆ. ತನ್ನ ಮನೆಯ ಕೊಳೆಯನ್ನು ಊರಿನ ಕೆರೆಗೆ ದಾಟಿಸಿದರೆ ಅದು ಶುಚಿಯೆನಿಸದು. ಕೊಳೆಯ ವಿಳಾಸ ಬದಲಾಯಿತು, ಅಷ್ಟೆ. ಪೈಪಿಗೆ ಬದಲಾಗಿ ಬ್ರಷ್ಷು, ಬಟ್ಟೆಗಳನ್ನು ಹಿಡಿದವನಿಗೆ ಅರ್ಧ ಬಕೆಟ್ ನೀರು ಸಾಕು. ಗಾಡಿಯ ಅಡಿಗೆ ಹಳೆಯ ರಟ್ಟು ಹಾಸಿ, ಮರದ ಹೊಟ್ಟು ಚೆಲ್ಲಿದರೆ ತೊಟ್ಟಿಕ್ಕುವ ಜಿಡ್ಡನ್ನು ಅದೇ ಹೀರಿಕೊಳ್ಳುತ್ತದೆ. ಜಿಡ್ಡಿನ ಹೊಟ್ಟು, ಬಟ್ಟೆ, ಬಕೆಟ್ಟಿನ ನೀರು ಇವನ್ನೆಲ್ಲ ಮುಚ್ಚಳವಿರುವ ಡಬ್ಬಗಳಲ್ಲಿ ಬೆಂಕಿಯಿಂದ ದೂರವಿಟ್ಟು, ಹಳೆಯ ಎಣ್ಣೆಯನ್ನು ಸರಿಯಾಗಿ ವಿಲೇವಾರಿ ಮಾಡುವವರಿಗೆ ಒಪ್ಪಿಸಬೇಕು.

ಇಷ್ಟು ಶ್ರಮಪಟ್ಟವನ ಕಾರು ಹೊರಗಿನಿಂದ ನೋಡುವವರಿಗೆ ನಿನ್ನೆಯಂತೆಯೇ ಕಾಣುತ್ತದೆ. ಹೊಗಳುವವರು ಯಾರೂ ಇಲ್ಲ. ಆದರೆ ವಾರದ ಬಳಿಕ ಬಾನೆಟ್ಟನ್ನು ಎತ್ತಿದಾಗ, ಶುಚಿಯಾದ ಲೋಹದ ಮೇಲೆ ಹೊಸದಾಗಿ ಮೂಡಿದ ಒಂದೇ ಒಂದು ಎಣ್ಣೆಯ ಹನಿ ಅವನ ಕಣ್ಣಿಗೆ ಬೀಳುತ್ತದೆ. ಕೊಳೆಯ ನಡುವೆ ಅದು ಎಂದೂ ಕಾಣಿಸುತ್ತಿರಲಿಲ್ಲ. ನಡುದಾರಿಯಲ್ಲಿ ಕೆಟ್ಟು ನಿಲ್ಲಬಹುದಾಗಿದ್ದ ಗಾಡಿ, ಆ ಹನಿಯ ದೆಸೆಯಿಂದ ಮನೆಯಂಗಳದಲ್ಲಿಯೇ ದುರಸ್ತಿಯಾಗುತ್ತದೆ.